ಹಳೆಯ ಟೂತ್‌ಬ್ರಷ್‌ಗೆ ಎರಡನೆಯ ಬಾಳು: ಎಲ್ಲಿ, ಹೇಗೆ, ಎಲ್ಲಿಯವರೆಗೆ?

ಬೆಂಗಳೂರು: ಸ್ನಾನದ ಮನೆಯ ಲೋಟದಲ್ಲಿ ನಾಲ್ಕು ಟೂತ್‌ಬ್ರಷ್‌ಗಳಿದ್ದರೆ ಅವುಗಳಲ್ಲಿ ಒಂದಾದರೂ ಹಲ್ಲುಜ್ಜಲು ಬಾರದ ಸ್ಥಿತಿಗೆ ತಲುಪಿರುತ್ತದೆ. ಎಳೆಗಳು ಬದಿಗೆ ಬಾಗಿ, ಅರಳಿದ ಹೂವಿನಂತಾದ ಈ ಬ್ರಷ್ ವಸಡಿಗೆ ಒಳಿತಲ್ಲ. ಆದರೆ ನಲ್ಲಿಯ ಬುಡಕ್ಕೆ, ಗ್ಯಾಸ್ ಒಲೆಯ ಬರ್ನರ್‌ಗೆ, ಅಂಗಿಯ ಕಾಲರಿಗೆ ಇದರಷ್ಟು ಹೊಂದುವ ಸಲಕರಣೆ ಅಂಗಡಿಯಲ್ಲಿಯೂ ಸುಲಭವಾಗಿ ಸಿಗದು. ಹೀಗಿದ್ದರೂ ಬಹುತೇಕ ಮನೆಗಳಲ್ಲಿ ಅದು ನೇರವಾಗಿ ಕಸದ ಬುಟ್ಟಿ ಸೇರುತ್ತದೆ. ಇಲ್ಲವೇ ಯಾವ ಕ್ರಮವೂ ಇಲ್ಲದೆ ಇಂದು ಅಡುಗೆಮನೆಯಲ್ಲಿ, ನಾಳೆ ಶೌಚಾಲಯದಲ್ಲಿ, ನಾಳಿದ್ದು ಮತ್ತೆ ಅಡುಗೆಮನೆಯಲ್ಲಿ ಬಳಕೆಯಾಗುತ್ತದೆ. ಎರಡೂ ಸರಿಯಲ್ಲ.

ಹಳೆಯ ಬ್ರಷ್‌ನ ಮರುಬಳಕೆಗೆ ಒಂದು ಕ್ರಮವಿದೆ, ಒಂದು ಕೊನೆಯೂ ಇದೆ. ಆ ಕ್ರಮವನ್ನು ಈ ಲೇಖನ ವಿವರಿಸುತ್ತದೆ.

ಲೆಕ್ಕ ಚಿಕ್ಕದು, ಮೊತ್ತ ದೊಡ್ಡದು

ಮೂರರಿಂದ ನಾಲ್ಕು ತಿಂಗಳಿಗೊಮ್ಮೆ ಟೂತ್‌ಬ್ರಷ್ ಬದಲಿಸಬೇಕು, ಎಳೆಗಳು ಬಾಗಿದ್ದರೆ ಅದಕ್ಕೂ ಮುನ್ನವೇ ಬದಲಿಸಬೇಕು ಎಂಬುದು ದಂತವೈದ್ಯರ ಸಾಮಾನ್ಯ ಸಲಹೆ. ಇದನ್ನು ಪಾಲಿಸುವ ನಾಲ್ವರ ಕುಟುಂಬದಿಂದ ವರ್ಷಕ್ಕೆ 12ರಿಂದ 16 ಬ್ರಷ್‌ಗಳು ಹೊರಬೀಳುತ್ತವೆ. ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತ ಕಾಣುವಂತಹ, 500 ಮನೆಗಳಿರುವ ಒಂದು ವಸತಿ ಸಮುಚ್ಚಯವನ್ನು ಊಹಿಸಿಕೊಂಡರೆ ವರ್ಷಕ್ಕೆ 6,000ದಿಂದ 8,000 ಬ್ರಷ್‌ಗಳಾದವು. ಒಂದರ ತೂಕ 15 ಗ್ರಾಂ ಎಂದಿಟ್ಟುಕೊಂಡರೂ 90ರಿಂದ 120 ಕಿಲೋ ಪ್ಲಾಸ್ಟಿಕ್. ಹನಿ ಹನಿ ಗೂಡಿದರೆ ಹಳ್ಳ ಎಂಬ ಮಾತು ಕಸಕ್ಕೂ ಸಲ್ಲುತ್ತದೆ.

ಈ ಕಸ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಹೊರವಲಯ ಬಹು ಕಷ್ಟದಿಂದ ಕಲಿತಿದೆ. ನಗರದ ಉತ್ತರಕ್ಕಿರುವ ಮಾವಳ್ಳಿಪುರದ ಕಸದ ರಾಶಿ 2012ರಲ್ಲಿ ಮುಚ್ಚಿತು. ವೈಟ್‌ಫೀಲ್ಡ್‌ಗೆ ಹೆಚ್ಚು ದೂರವಲ್ಲದ ಮಂಡೂರಿನ ಜನ ದುರ್ನಾತ, ನೊಣ ಹಾಗೂ ಕೆಟ್ಟ ಅಂತರ್ಜಲದ ವಿರುದ್ಧ ಬೀದಿಗಿಳಿದರು. 2014ರ ಡಿಸೆಂಬರ್ 1ರಿಂದ ಅಲ್ಲಿಗೆ ಕಸದ ಲಾರಿಗಳು ಹೋಗುವುದು ನಿಂತಿತು. ಅದರ ಮರುವರ್ಷ, 2015ರ ಡಿಸೆಂಬರ್‌ನಲ್ಲಿ, ಹೈಕೋರ್ಟ್ ನಗರದ ಮನೆಗಳಿಗೆ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಕಡ್ಡಾಯಗೊಳಿಸಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ನೈರ್ಮಲ್ಯ ತ್ಯಾಜ್ಯಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಮನೆಯಲ್ಲಿ ವಿಂಗಡಿಸದ ಕಸವನ್ನು ಬೇರೆ ಯಾರೋ ಕೈಯಿಂದಲೇ ವಿಂಗಡಿಸಬೇಕಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಬ್ರಷ್ ಏಕೆ ಸುಲಭವಾಗಿ ಕರಗುವುದಿಲ್ಲ?

ನಮ್ಮ ಅಜ್ಜ, ಅಜ್ಜಿಯರ ಕಾಲದಲ್ಲಿ ಹಲ್ಲುಜ್ಜಿದ ಮೇಲೆ ಉಳಿಯುತ್ತಿದ್ದ ತ್ಯಾಜ್ಯ ಎಂದರೆ ಅಗಿದ ಬೇವಿನ ಕಡ್ಡಿ ಮಾತ್ರ. ಇದ್ದಿಲು, ಉಪ್ಪು, ನಂಜನಗೂಡಿನ ಹಲ್ಲುಪುಡಿ ಇವೆಲ್ಲ ಬೆರಳಿನಿಂದ ಬಳಸುವ ವಸ್ತುಗಳು. ಬ್ರಷ್ ಬಳಸುತ್ತಿದ್ದ ದೇಶಗಳಲ್ಲಿಯೂ ಬಹುಕಾಲ ಹಂದಿಯ ಗಡಸು ಕೂದಲೇ ಎಳೆಗಳಾಗಿತ್ತು. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಗಳ ಬ್ರಷ್ ಮಾರುಕಟ್ಟೆಗೆ ಬಂದ ಮೇಲೆ ಕ್ರಮೇಣ ಜಗತ್ತೆಲ್ಲ ಅದನ್ನೇ ಒಪ್ಪಿಕೊಂಡಿತು.

ಇಂದಿನ ಸಾಧಾರಣ ಬ್ರಷ್‌ನಲ್ಲಿ ಕನಿಷ್ಠ ಮೂರು ಬಗೆಯ ವಸ್ತುಗಳಿವೆ. ಎಳೆಗಳು ನೈಲಾನ್. ಹಿಡಿ ಪಾಲಿಪ್ರೊಪಿಲೀನ್ ಅಥವಾ ಬೇರೊಂದು ಗಟ್ಟಿ ಪ್ಲಾಸ್ಟಿಕ್. ಎಳೆಗಳ ಗೊಂಚಲನ್ನು ರಂಧ್ರದೊಳಗೆ ಬಿಗಿಹಿಡಿಯುವುದು ಕಣ್ಣಿಗೆ ಕಾಣದ ಲೋಹದ ಸಣ್ಣ ತುಂಡು. ಹಲವು ಬ್ರಷ್‌ಗಳ ಹಿಡಿಯ ಮೇಲೆ ಜಾರದಿರಲೆಂದು ರಬ್ಬರಿನಂತಹ ಮೃದು ಪದರವೂ ಇರುತ್ತದೆ. ಇವನ್ನು ಬೇರ್ಪಡಿಸುವ ಕೂಲಿಯೇ ಸಿಗುವ ಪ್ಲಾಸ್ಟಿಕ್‌ನ ಬೆಲೆಗಿಂತ ಹೆಚ್ಚು. ಆದ್ದರಿಂದ ಹಾಲಿನ ಕವರ್ ಅಥವಾ ನೀರಿನ ಬಾಟಲಿಗೆ ಇರುವಂತೆ ಹಳೆಯ ಬ್ರಷ್‌ಗೆ ಗುಜರಿಯಲ್ಲಿ ಬೇಡಿಕೆಯಿಲ್ಲ. ಮರುಬಳಕೆಯ ಮಹತ್ವ ಇರುವುದು ಇಲ್ಲಿಯೇ. ಕರಗಿಸಿ ಹೊಸದಾಗಿಸಲು ಕಷ್ಟವಾದ ವಸ್ತುವನ್ನು ಇದ್ದ ರೂಪದಲ್ಲಿಯೇ ಹೆಚ್ಚು ಕಾಲ ದುಡಿಸುವುದು ಲಾಭಕರ.

ಮೊದಲು ಸಿದ್ಧತೆ

ಬಾಯಿಗೆ ಬಳಸಿದ ಬ್ರಷ್‌ನ ಬುಡದಲ್ಲಿ ಪೇಸ್ಟ್‌ನ ಪೊರೆ, ಸೂಕ್ಷ್ಮಾಣುಗಳು ಇರುವುದು ಸಹಜ. ಬಿಸಿನೀರಿಗೆ ಸ್ವಲ್ಪ ಸೋಪು ಬೆರೆಸಿ ಹತ್ತು ಹದಿನೈದು ನಿಮಿಷ ನೆನೆಹಾಕಿ, ಎಳೆಗಳನ್ನು ಬೆರಳಿನಿಂದ ಬಿಡಿಸಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಕುದಿಯುವ ನೀರಿನಲ್ಲಿ ಬೇಯಿಸುವ ಅಗತ್ಯವಿಲ್ಲ, ಹಿಡಿ ಸೊಟ್ಟಗಾಗಬಹುದು. ಸೋಂಕಿನಿಂದ ಮಲಗಿದ್ದವರು ಬಳಸಿದ ಬ್ರಷ್ಷನ್ನು ಅಡುಗೆಮನೆಗಾಗಲೀ ಬಟ್ಟೆಗಾಗಲೀ ಬಳಸದಿರುವುದು ಒಳಿತು.

ಎರಡನೆಯದು ಗುರುತು. ಬಳಕೆಯ ಬ್ರಷ್‌ಗೂ ಹಳೆಯ ಬ್ರಷ್‌ಗೂ ಬಣ್ಣ ಒಂದೇ ಆಗಿದ್ದರೆ ನಿದ್ದೆಗಣ್ಣಿನಲ್ಲಿ ಅದಲುಬದಲಾಗುವ ಅಪಾಯವಿದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ತಮಾಷೆಯ ಮಾತಲ್ಲ. ಹಿಡಿಯ ತುದಿಗೆ ಉಗುರುಬಣ್ಣ ಹಚ್ಚಬಹುದು, ದಾರ ಸುತ್ತಬಹುದು, ಇಲ್ಲವೇ ಚಾಕುವಿನಿಂದ ಗೀರು ಹಾಕಬಹುದು. ಹಳೆಯ ಬ್ರಷ್‌ಗಳನ್ನು ಹಲ್ಲುಜ್ಜುವ ಬ್ರಷ್‌ಗಳ ಲೋಟದಲ್ಲಿ ಎಂದಿಗೂ ಇಡಬಾರದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದ ನಿಯಮ: ಬ್ರಷ್‌ನ ಪಯಣ ಮೇಲಿನಿಂದ ಕೆಳಕ್ಕೆ ಮಾತ್ರ. ಮೊದಲು ಬಟ್ಟೆ ಅಥವಾ ಅಡುಗೆಮನೆ, ಬಳಿಕ ನಲ್ಲಿ ಮತ್ತು ಕಿಟಕಿ, ಕೊನೆಗೆ ನೆಲದ ಸಂದು, ಶೌಚಾಲಯ ಅಥವಾ ವಾಹನ. ಒಮ್ಮೆ ಕೆಳಗಿಳಿದ ಬ್ರಷ್ ಮತ್ತೆ ಮೇಲೇರಬಾರದು. ಒಂದು ಗೀರು ಅಡುಗೆಮನೆಗೆ, ಎರಡು ಗೀರು ಸ್ನಾನದ ಮನೆಗೆ, ಮೂರು ಗೀರು ಶೌಚಾಲಯಕ್ಕೆ ಎಂದು ಗುರುತಿಟ್ಟರೆ ಮನೆಗೆಲಸಕ್ಕೆ ಬರುವವರಿಗೂ ಗೊಂದಲವಾಗದು.

ಗಡಸು ನೀರಿನ ಊರಿನಲ್ಲಿ

ಬೆಂಗಳೂರಿನ ಹೊರವಲಯದಲ್ಲಿ ಹಳೆಯ ಬ್ರಷ್‌ಗೆ ಹೆಚ್ಚಿನ ಕೆಲಸ ಸಿಗುವುದು ನೀರಿನಿಂದಾಗಿ. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳು ಕಾವೇರಿ ನೀರಿಗಾಗಿ ದೀರ್ಘಕಾಲ ಕಾದವು. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಆದರೂ ಹಲವು ವಸತಿ ಸಮುಚ್ಚಯಗಳಲ್ಲಿ ಕೊಳವೆ ಬಾವಿ ಮತ್ತು ಟ್ಯಾಂಕರ್ ನೀರಿನ ಬಳಕೆ ಮುಂದುವರಿದಿದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿರುವ ಗಡಸು ನೀರು ಆರಿದ ಕಡೆಯಲ್ಲೆಲ್ಲ ಸುಣ್ಣದಂತಹ ಬಿಳಿ ಪೊರೆ ಉಳಿಯುತ್ತದೆ.

2024ರ ಬೇಸಿಗೆಯ ನೀರಿನ ಅಭಾವದ ವೇಳೆ ಜಲಮಂಡಳಿಯು ವಾಣಿಜ್ಯ ಕಟ್ಟಡ, ವಸತಿ ಸಮುಚ್ಚಯ ಮುಂತಾದ ಕಡೆಗಳಲ್ಲಿ ನಲ್ಲಿಗೆ ಏರೇಟರ್ ಅಳವಡಿಸುವುದನ್ನು ಕಡ್ಡಾಯಗೊಳಿಸಿತು. ನೀರಿನೊಂದಿಗೆ ಗಾಳಿ ಬೆರೆಸಿ ಹರಿವನ್ನು ತಗ್ಗಿಸುವ ಈ ಜಾಲರಿಯಲ್ಲಿ ಲವಣ ಮತ್ತು ಮರಳು ಬೇಗನೆ ಕಟ್ಟಿಕೊಳ್ಳುತ್ತವೆ. ನೀರು ಸಣ್ಣಗೆ ಬರತೊಡಗಿದಾಗ ಬೇಸತ್ತು ಏರೇಟರನ್ನೇ ಕಿತ್ತು ಬಿಸಾಡುವವರೂ ಇದ್ದಾರೆ. ಅದರ ಬದಲು ಏರೇಟರನ್ನು ತಿರುಗಿಸಿ ಬಿಚ್ಚಿ, ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿದ ಬಟ್ಟಲಿನಲ್ಲಿ ಅರ್ಧ ಗಂಟೆ ಇಟ್ಟು, ಬ್ರಷ್‌ನಿಂದ ಎರಡೂ ಬದಿ ಉಜ್ಜಿ ತೊಳೆದರೆ ಹರಿವು ಮರಳುತ್ತದೆ. ನೀರು ಉಳಿಸುವ ಸಾಧನವನ್ನು ಉಳಿಸಿಕೊಳ್ಳಲು ಹಳೆಯ ಬ್ರಷ್ ಒಂದು ಸಾಕು. ಷವರಿನ ರಂಧ್ರಗಳಿಗೂ ಇದೇ ವಿಧಾನ.

ನಲ್ಲಿಯ ಬುಡದ ಬಿಳಿ ಕಲೆಗೆ ವಿನೆಗರ್ ಅಥವಾ ನಿಂಬೆರಸದಲ್ಲಿ ತೋಯಿಸಿದ ಬಟ್ಟೆಯನ್ನು ಹತ್ತು ನಿಮಿಷ ಸುತ್ತಿಟ್ಟು ಬಳಿಕ ಉಜ್ಜಬೇಕು. ಹುಳಿ ಸುಣ್ಣದ ಅಂಶವನ್ನು ಕರಗಿಸುತ್ತದೆ, ಬ್ರಷ್ ಅದನ್ನು ಎಬ್ಬಿಸುತ್ತದೆ. ಆದರೆ ಅಮೃತಶಿಲೆ, ಶಹಾಬಾದ್ ಕಲ್ಲು, ಕಡಪ ಕಲ್ಲುಗಳ ಮೇಲೆ ಹುಳಿ ಬೀಳದಂತೆ ಎಚ್ಚರ ವಹಿಸಬೇಕು. ಇವೆಲ್ಲ ಸುಣ್ಣದ ಅಂಶವಿರುವ ಕಲ್ಲುಗಳಾದ್ದರಿಂದ ಹುಳಿ ತಾಗಿದ ಕಡೆ ಹೊಳಪು ಹೋಗುತ್ತದೆ.

ಅಡುಗೆಮನೆಯಲ್ಲಿ

ಗ್ಯಾಸ್ ಒಲೆಯ ಬರ್ನರ್ ತಣ್ಣಗಾದ ಬಳಿಕ ತೆಗೆದು, ಬಿಸಿ ಸೋಪು ನೀರಿನಲ್ಲಿ ನೆನೆಸಿ, ರಂಧ್ರಗಳ ಸುತ್ತ ಬ್ರಷ್‌ನಿಂದ ಉಜ್ಜಬಹುದು. ಪೂರ್ತಿ ಒಣಗಿದ ಮೇಲೆಯೇ ಮತ್ತೆ ಕೂರಿಸಬೇಕು. ಉಕ್ಕಿದ ಹಾಲು, ಸಾರಿನಿಂದ ರಂಧ್ರ ಮುಚ್ಚಿದ್ದರೆ ಉರಿ ಹಳದಿಯಾಗಿ ಪಾತ್ರೆಯ ತಳ ಮಸಿಯಾಗುತ್ತದೆ. ಸ್ವಚ್ಛ ಬರ್ನರ್‌ನಲ್ಲಿ ನೀಲಿ ಉರಿ ಮರಳುವುದನ್ನು ಕಣ್ಣಾರೆ ಕಾಣಬಹುದು.

ಕುಕ್ಕರ್ ಮುಚ್ಚಳದಲ್ಲಿ ಗ್ಯಾಸ್ಕೆಟ್ ಕೂರುವ ಅಂಚು, ಮಿಕ್ಸಿ ಜಾರಿನ ತಳಭಾಗ, ತುರಿಮಣೆಯ ಹಲ್ಲುಗಳು, ಟೀ ಸೋಸುವ ಜಾಲರಿ, ಸಿಂಕ್‌ನ ಅಂಚು ಇವೆಲ್ಲ ಪಾತ್ರೆ ಉಜ್ಜುವ ನಾರಿಗೆ ಸಿಗದ ಸ್ಥಳಗಳು. ತುರಿಮಣೆಯ ವಿಷಯದಲ್ಲಂತೂ ಬೆರಳು ಉಳಿಯುತ್ತದೆ ಎಂಬುದೂ ಒಂದು ಲಾಭ. ಆಹಾರ ನೇರವಾಗಿ ತಾಗುವ ಭಾಗಗಳಿಗೆ ಬಾಯಿಗೆ ಬಳಸದ ಬ್ರಷ್ಷನ್ನೇ ಮೀಸಲಿಡುವುದು ಸೂಕ್ತ. ಒಂದಕ್ಕೊಂದು ಉಚಿತವೆಂದು ಬಂದು ಹಾಗೆಯೇ ಉಳಿದಿರುವ ಗಡಸು ಎಳೆಯ ಬ್ರಷ್‌ಗಳಿಗೆ ಇದು ಒಳ್ಳೆಯ ಉಪಯೋಗ. ಎಳೆ ಉದುರುತ್ತಿರುವ ಬ್ರಷ್ಷನ್ನು ಅಡುಗೆಮನೆಯಿಂದ ಕೂಡಲೇ ಹೊರಹಾಕಬೇಕು. ಊಟದಲ್ಲಿ ನೈಲಾನ್ ಎಳೆ ಸಿಗುವುದು ಯಾರಿಗೂ ಬೇಡ.

ಬಟ್ಟೆ, ಬೂಟು ಮತ್ತು ಲಾಡಿ

ಅಂಗಿಯ ಕಾಲರ್ ಮತ್ತು ತೋಳಿನ ಅಂಚಿಗೆ ಸೋಪು ಹಚ್ಚಿ ಹಳೆಯ ಬ್ರಷ್‌ನಿಂದ ಮೃದುವಾಗಿ ಉಜ್ಜಿದರೆ ಇಡೀ ಅಂಗಿಯನ್ನು ಬಟ್ಟೆ ಒಗೆಯುವ ದೊಡ್ಡ ಬ್ರಷ್‌ನಿಂದ ತಿಕ್ಕುವ ಅಗತ್ಯ ಬೀಳದು. ರೇಷ್ಮೆ ಮತ್ತು ಜರಿಗೆ ಮಾತ್ರ ಯಾವ ಬ್ರಷ್ಷೂ ಬೇಡ. ಮಕ್ಕಳ ಶಾಲೆಯ ಬೂಟಿನ ಹೊಲಿಗೆಯ ಸಾಲು, ಕ್ರೀಡಾ ಬೂಟಿನ ಅಡಿಯ ಸಂದುಗಳಲ್ಲಿ ಸಿಕ್ಕಿದ ಮಣ್ಣು, ಬ್ಯಾಗಿನ ಜಿಪ್ ಇವಕ್ಕೂ ಹಳೆಯ ಬ್ರಷ್ ಸಲೀಸು. ತಲೆಗೂದಲ ಬಣ್ಣ ಹಚ್ಚಲು ಬಳಸಿದ ಬ್ರಷ್ಷನ್ನು ಆ ಒಂದೇ ಕೆಲಸಕ್ಕೆ ಮೀಸಲಿಡಬೇಕು.

ಎಳೆಗಳಷ್ಟೇ ಅಲ್ಲ, ಹಿಡಿಗೂ ಕೆಲಸವಿದೆ. ಹಿಂದೆ ಬ್ರಷ್‌ಗಳ ಹಿಡಿಯ ತುದಿಯಲ್ಲಿ ನೇತುಹಾಕಲು ರಂಧ್ರವಿರುತ್ತಿತ್ತು. ಒಗೆಯುವಾಗ ಕಳಚಿಬಂದ ಪೈಜಾಮ ಅಥವಾ ಲಂಗದ ಲಾಡಿಯನ್ನು ಆ ರಂಧ್ರಕ್ಕೆ ಕಟ್ಟಿ ಮತ್ತೆ ಪೋಣಿಸುವುದು ಮನೆಮನೆಯ ರೂಢಿಯಾಗಿತ್ತು. ಈಗಿನ ಹಲವು ಬ್ರಷ್‌ಗಳಲ್ಲಿ ಆ ರಂಧ್ರವಿಲ್ಲ. ಆದರೆ ರಂಧ್ರವಿರುವ ಹಿಡಿ ಸಿಕ್ಕರೆ ಎಳೆಯ ಭಾಗವನ್ನು ಗರಗಸದಿಂದ ಕೊಯ್ದು, ಅಂಚನ್ನು ಮರಳು ಕಾಗದದಿಂದ ನಯಗೊಳಿಸಿ, ಹೊಲಿಗೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕೆ ಸವೆತವೇ ಇಲ್ಲ.

ದೀಪ, ಬೆಳ್ಳಿ, ಬಂಗಾರ

ದೀಪಾವಳಿ, ವರಮಹಾಲಕ್ಷ್ಮಿ ಹಬ್ಬಗಳ ಮುನ್ನಾದಿನ ಹಿತ್ತಾಳೆ ದೀಪದ ಕೆತ್ತನೆಯಲ್ಲಿ ಕೂತ ಎಣ್ಣೆಜಿಡ್ಡು ತೆಗೆಯುವುದು ಶ್ರಮದ ಕೆಲಸ. ಹುಣಸೆಹಣ್ಣಿನ ರಸ ಹಚ್ಚಿ ಬ್ರಷ್‌ನಿಂದ ಉಜ್ಜಿದರೆ ಸಂದುಗಳೂ ಬೆಳಗುತ್ತವೆ. ಬಾಯಿಗೆ ಬಳಸಿದ ಬ್ರಷ್ ಎಂಜಲು, ದೇವರ ಸಾಮಾನಿಗೆ ಸಲ್ಲದು ಎಂಬ ಭಾವನೆ ಅನೇಕ ಮನೆಗಳಲ್ಲಿದೆ. ಅಂತಹವರು ಒಂದು ಹೊಸ ಬ್ರಷ್ಷನ್ನೇ ಪೂಜಾ ಸಾಮಗ್ರಿಗೆ ಮೀಸಲಿಡುತ್ತಾರೆ. ಮೇಲೆ ಹೇಳಿದ ‘ಮೇಲಿನಿಂದ ಕೆಳಕ್ಕೆ’ ಎಂಬ ನಿಯಮವನ್ನು ನಮ್ಮ ಹಿರಿಯರು ಬೇರೆ ಹೆಸರಿನಲ್ಲಿ ಪಾಲಿಸುತ್ತಿದ್ದರು ಎನ್ನಬಹುದು.

ಬೆಳ್ಳಿಯನ್ನು ಹಲ್ಲುಪೇಸ್ಟ್‌ನಿಂದ ಉಜ್ಜುವ ಅಭ್ಯಾಸ ವ್ಯಾಪಕ. ಪೇಸ್ಟ್‌ನಲ್ಲಿ ಉಜ್ಜುವ ಕಣಗಳಿರುವುದರಿಂದ ಹೊಳಪಿನ ಮೇಲೆ ಸೂಕ್ಷ್ಮ ಗೀರುಗಳು ಬೀಳಬಹುದು. ಲೇಪನದ ಒಡವೆಗಳಲ್ಲಿ ಲೇಪನವೇ ಸವೆಯಬಹುದು. ಬಂಗಾರಕ್ಕೆ ಬೆಚ್ಚಗಿನ ಸೋಪು ನೀರು ಮತ್ತು ಅತಿ ಮೃದುವಾದ ಬ್ರಷ್ ಸಾಕು. ಮುತ್ತು, ಹವಳಗಳನ್ನು ಬ್ರಷ್‌ನಿಂದ ದೂರವಿಡಬೇಕು. ಒಡವೆಯನ್ನು ಸಿಂಕ್‌ನಲ್ಲಿ ತೊಳೆಯದೆ ಬಟ್ಟಲಿನಲ್ಲಿ ತೊಳೆಯಬೇಕು. ಕಳಚಿದ ಹರಳು ಕೊಳವೆಗೆ ಜಾರಿದರೆ ಮತ್ತೆ ಸಿಗುವುದು ಕಷ್ಟ.

ಎಲೆಕ್ಟ್ರಾನಿಕ್ ಸಿಟಿಯಿಂದ ಪೀಣ್ಯದವರೆಗೆ

ಮನೆಯಿಂದಲೇ ಕಚೇರಿ ಕೆಲಸ ಮಾಡುವವರ ಲ್ಯಾಪ್‌ಟಾಪ್ ಕೀಲಿಮಣೆಯಲ್ಲಿ ಧೂಳು, ತಿಂಡಿಯ ಪುಡಿ ಸೇರುವುದು ಸಾಮಾನ್ಯ. ಯಂತ್ರವನ್ನು ಪೂರ್ತಿ ಆರಿಸಿ, ವಿದ್ಯುತ್ ಸಂಪರ್ಕ ತೆಗೆದು, ಕೊಂಚ ಓರೆಯಾಗಿ ಹಿಡಿದು ಒಣ ಬ್ರಷ್‌ನಿಂದ ಹಗುರವಾಗಿ ಗುಡಿಸಬೇಕು. ನೀರು ತಾಗಿಸಬಾರದು.

ಆದರೆ ಯಂತ್ರದ ಒಳಗಿನ ಸರ್ಕಿಟ್ ಬೋರ್ಡಿಗೆ ಇದೇ ಬ್ರಷ್ ಬಳಸುವುದು ಸರಿಯಲ್ಲ. ಒಣ ನೈಲಾನ್ ಉಜ್ಜಿದಾಗ ಸ್ಥಿರವಿದ್ಯುತ್ ಹುಟ್ಟುತ್ತದೆ. ಬಾಚಣಿಗೆಗೆ ಕೂದಲು ಅಂಟುವುದಕ್ಕೂ ಇದೇ ಕಾರಣ. ನಮ್ಮ ಅರಿವಿಗೇ ಬಾರದಷ್ಟು ಸಣ್ಣ ಕಿಡಿ ಸೂಕ್ಷ್ಮ ಚಿಪ್‌ಗಳನ್ನು ಹಾಳುಮಾಡಬಲ್ಲದು. ಆದ್ದರಿಂದಲೇ ಎಲೆಕ್ಟ್ರಾನಿಕ್ ಜೋಡಣೆಯ ಘಟಕಗಳಲ್ಲಿ ಸ್ಥಿರವಿದ್ಯುತ್ ಸಂಗ್ರಹವಾಗದಂತಹ ವಿಶೇಷ ಬ್ರಷ್‌ಗಳಿರುತ್ತವೆ.

ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಯಾಗಾರಗಳ ಕೆಲಸಕ್ಕೂ ಇದು ಒಗ್ಗುತ್ತದೆ. ಬೋಲ್ಟಿನ ಮರೆ, ಲೇತ್ ಯಂತ್ರದ ಸಂದುಗಳಲ್ಲಿ ಕೂತ ಲೋಹದ ಪುಡಿಯನ್ನು ಕೈಯಿಂದ ಒರೆಸಿದರೆ ಬೆರಳು ಕುಯ್ಯುತ್ತದೆ. ಬ್ರಷ್ ಆ ಗಾಯವನ್ನು ತಪ್ಪಿಸುತ್ತದೆ. ಯಂತ್ರ ಪೂರ್ತಿ ನಿಂತ ಮೇಲೆಯೇ ಬ್ರಷ್ ಹತ್ತಿರ ಒಯ್ಯಬೇಕು. ತಿರುಗುವ ಭಾಗಕ್ಕೆ ಸಿಕ್ಕಿದ ಬ್ರಷ್ ಕೈಯನ್ನೂ ಎಳೆದೊಯ್ಯಬಲ್ಲದು. ಮನೆಯ ಬೈಕಿನ ಚೈನ್ ಉಜ್ಜುವವರಿಗೂ ಇದೇ ಮಾತು ಅನ್ವಯ: ಎಂಜಿನ್ ಆರಿಸಿ, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು.

ಕಿಟಕಿ ಮತ್ತು ಬಾಲ್ಕನಿ

ಜಾರುವ ಕಿಟಕಿಗಳ ಹಳಿಯಲ್ಲಿ ತುಂಬುವ ಧೂಳು ಮಳೆಗಾಲದಲ್ಲಿ ನೀರು ಹೊರಹೋಗುವ ಸಣ್ಣ ರಂಧ್ರಗಳನ್ನು ಮುಚ್ಚಿ, ನೀರನ್ನು ಒಳಗೆ ಹರಿಸುತ್ತದೆ. ಮಳೆಗಾಲಕ್ಕೆ ಮುನ್ನ ಒಮ್ಮೆ ಒಣ ಬ್ರಷ್‌ನಿಂದ ಗುಡಿಸಿ, ಬಳಿಕ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಸೊಳ್ಳೆ ಪರದೆಯ ಅಂಚಿಗೂ ಇದು ಸೂಕ್ತ.

ಕುಂಡದ ದಾಸವಾಳಕ್ಕೆ ಹತ್ತಿಯಂತಹ ಬಿಳಿ ಹಿಟ್ಟು ತಿಗಣೆ ಮೆತ್ತಿಕೊಂಡಾಗ ಕೂಡಲೇ ಕೀಟನಾಶಕಕ್ಕೆ ಮೊರೆಹೋಗಬೇಕಿಲ್ಲ. ತೆಳುವಾದ ಸೋಪು ನೀರಿನಲ್ಲಿ ಅದ್ದಿದ ಮೃದು ಬ್ರಷ್‌ನಿಂದ ಕಾಂಡ ಮತ್ತು ಎಲೆಯ ಬುಡವನ್ನು ನಿಧಾನವಾಗಿ ಉಜ್ಜಿ, ಶುದ್ಧ ನೀರು ಚಿಮುಕಿಸಿ, ಕೆಲವು ದಿನಗಳ ಬಳಿಕ ಮತ್ತೆ ಮಾಡಿದರೆ ಆರಂಭದ ಹಂತದ ಹಾವಳಿ ಹತೋಟಿಗೆ ಬರುತ್ತದೆ.

ಇವನ್ನು ಮಾಡಬಾರದು

* ಶೌಚಾಲಯದ ಆಸಿಡ್‌ಗೆ ಹಳೆಯ ಬ್ರಷ್ ಅದ್ದಬಾರದು. ಪ್ರಬಲ ಆಮ್ಲ ನೈಲಾನನ್ನು ಕೆಡಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಾಗಿದ ಎಳೆ ಚಿಮ್ಮಿದಾಗ ಹನಿಗಳು ಕಣ್ಣಿಗೆ ಹಾರುತ್ತವೆ. ಬ್ರಷ್‌ನ ಹಿಡಿ ಗಿಡ್ಡ, ಮುಖ ಹತ್ತಿರವಿರುತ್ತದೆ ಎಂಬುದನ್ನು ನೆನಪಿಡಬೇಕು.

* ಬ್ಲೀಚಿಂಗ್ ಪುಡಿಯೊಂದಿಗೆ ಆಸಿಡ್ ಅಥವಾ ವಿನೆಗರ್ ಬೆರೆಸಬಾರದು. ಇದರಿಂದ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ಸ್ನಾನದ ಮನೆಯಲ್ಲಿ ಇದು ಪ್ರಾಣಾಪಾಯಕರ.

* ಸೀಮೆಎಣ್ಣೆ, ಪೆಟ್ರೋಲಿನಲ್ಲಿ ಅದ್ದಿದ ಬ್ರಷ್ಷನ್ನು ಒಲೆಯ ಬಳಿ ತರಬಾರದು, ಅಡುಗೆಮನೆಯಲ್ಲಿ ಒಣಗಿಸಬಾರದು.

* ಹಿಡಿಯನ್ನು ಬಾಗಿಸಲೆಂದು ಮೇಣದಬತ್ತಿಯ ಉರಿಗೆ ಹಿಡಿಯಬಾರದು. ಕರಗಿದ ಪ್ಲಾಸ್ಟಿಕ್ ಕೈಗೆ ಅಂಟಿ ಸುಡುತ್ತದೆ, ಹೊಗೆಯೂ ಕೆಟ್ಟದ್ದು. ಕೆಲವು ಹಿಡಿಗಳು ಬಿಸಿನೀರಿನಲ್ಲಿ ಅದ್ದಿದಾಗ ಮೃದುವಾಗಿ ಬಾಗುತ್ತವೆ. ಬಾಗದಿದ್ದರೆ ಬಲವಂತ ಬೇಡ.

* ಮಕ್ಕಳ ಆಟಕ್ಕೆ ಕೊಡಬಾರದು. ಅವರ ದೃಷ್ಟಿಯಲ್ಲಿ ಬ್ರಷ್ ಎಂದರೆ ಬಾಯಿಗೆ ಇಡುವ ವಸ್ತು.

ಕೊನೆಯ ನಿಲುಗಡೆ

ಮರುಬಳಕೆಯು ಬ್ರಷ್‌ನ ಅಂತ್ಯವನ್ನು ಮುಂದೂಡುತ್ತದೆಯೇ ಹೊರತು ತಪ್ಪಿಸುವುದಿಲ್ಲ. ಎಳೆ ಉದುರತೊಡಗಿದರೆ ಅದರ ಕೆಲಸ ಮುಗಿಯಿತು ಎಂದೇ ಅರ್ಥ. ಆನಂತರವೂ ಬಳಸಿದರೆ ನೈಲಾನ್ ಚೂರುಗಳು ಚರಂಡಿಯ ಮೂಲಕ ಕೆರೆ ಸೇರುತ್ತವೆ. ವೈಟ್‌ಫೀಲ್ಡ್ ಬಳಿಯ ವರ್ತೂರು ಕೆರೆಯ ನೊರೆಯನ್ನು ಕಂಡವರಿಗೆ ನಮ್ಮ ಸಿಂಕ್‌ನ ನೀರು ಎಲ್ಲಿಗೆ ಹೋಗುತ್ತದೆ ಎಂದು ವಿವರಿಸಬೇಕಿಲ್ಲ.

ಕೊನೆಯ ಬಾರಿಗೆ ತೊಳೆದು, ಒಣಗಿಸಿ, ಒಣ ಕಸದ ಚೀಲಕ್ಕೆ ಹಾಕುವುದು ಸರಿಯಾದ ಮಾರ್ಗ. ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳಲ್ಲಿ ಕೊಳ್ಳುವವರಿಲ್ಲದ ಪ್ಲಾಸ್ಟಿಕ್ಕನ್ನು ಬೇರ್ಪಡಿಸಿ ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಇಂಧನವಾಗಿ ಕಳುಹಿಸುವ ವ್ಯವಸ್ಥೆಯಿದೆ. ಹಸಿ ಕಸದಲ್ಲಿ ಬೆರೆತರೆ ಮಾತ್ರ ಅದು ಗೊಬ್ಬರವನ್ನೂ ಕೆಡಿಸುತ್ತದೆ, ತಾನೂ ಪ್ರಯೋಜನಕ್ಕೆ ಬಾರದು. ಶೌಚಾಲಯಕ್ಕೆ ಬಳಸಿದ ಬ್ರಷ್ಷನ್ನು ಕಾಗದದಲ್ಲಿ ಸುತ್ತಿ ನೈರ್ಮಲ್ಯ ತ್ಯಾಜ್ಯದ ಬುಟ್ಟಿಗೆ ಹಾಕುವುದು ವಿಂಗಡಿಸುವವರ ಕೈಗಳ ದೃಷ್ಟಿಯಿಂದ ಸೌಜನ್ಯ.

ಬಿದಿರಿನ ಬ್ರಷ್ ಕೊಂಡವರು ಪೂರ್ತಿ ನಿಶ್ಚಿಂತರಾಗುವಂತಿಲ್ಲ. ಅವುಗಳಲ್ಲಿ ಹೆಚ್ಚಿನವುಗಳ ಎಳೆ ನೈಲಾನೇ. ಇಕ್ಕಳದಿಂದ ಎಳೆಗಳನ್ನು ಕಿತ್ತು ಒಣ ಕಸಕ್ಕೆ ಹಾಕಿದ ಬಳಿಕವೇ ಹಿಡಿಯನ್ನು ಗೊಬ್ಬರದ ಕುಂಡಕ್ಕೆ ಸೇರಿಸಬೇಕು. ಗಿಡದ ಹೆಸರು ಬರೆದು ಕುಂಡದಲ್ಲಿ ನೆಡಲೂ ಆ ಹಿಡಿ ಆಗುತ್ತದೆ.

ಮೂರು ತಿಂಗಳು ಹಲ್ಲಿಗೆ ದುಡಿದ ಬ್ರಷ್ ಕ್ರಮವಾಗಿ ಬಳಸಿದರೆ ಇನ್ನೂ ಹಲವು ತಿಂಗಳು ಮನೆಗೆ ದುಡಿಯುತ್ತದೆ. ಹೊಸ ಬ್ರಷ್‌ನ ಪೊಟ್ಟಣ ಬಿಚ್ಚಿದ ದಿನವೇ ಹಳೆಯದಕ್ಕೆ ಗೀರು ಹಾಕಿ ಅದರ ಹೊಸ ಕೆಲಸದ ಜಾಗದಲ್ಲಿ ಇಟ್ಟುಬಿಡುವುದು ಒಳ್ಳೆಯ ಅಭ್ಯಾಸ. ನಾಳೆ ಮಾಡೋಣ ಎಂದು ಲೋಟದಲ್ಲೇ ಬಿಟ್ಟ ಬ್ರಷ್ ಕಡೆಗೆ ಸೇರುವುದು ಕಸದ ಬುಟ್ಟಿಯನ್ನೇ.